ಬ್ಯಾಟರಿ ಕೆಡುವುದು ಬೇಸಿಗೆಯಲ್ಲಿ, ಕೈಕೊಡುವುದು ಚಳಿಯಲ್ಲಿ

ಮಾರ್ಗಶಿರ ಕಾಲಿಟ್ಟಿತೆಂದರೆ ನಮ್ಮ ಕೊಯಮತ್ತೂರು, ತಿರುಪ್ಪೂರು ಸೀಮೆಯ ಹಳ್ಳಿಗಳಲ್ಲಿ ಬೆಳಗಿನ ಜಾವದ ಒಂದು ನೋಟ ಹೊಸದಲ್ಲ. ನಾಲ್ಕಾರು ಜನ ಸೇರಿ ಕಾರನ್ನೋ, ಕಾಯಿಪಲ್ಯ ತುಂಬಿದ ವ್ಯಾನನ್ನೋ ದೂಡುತ್ತಿರುವರು. ಒಳಗೆ ಕುಳಿತವನು ಕೀಲಿ ತಿರುಗಿಸಿ ತಿರುಗಿಸಿ ಬೇಸತ್ತಿರುವನು. ಸುತ್ತ ನಿಂತವರೆಲ್ಲ ‘ಚಳಿ ಬ್ಯಾಟರಿಯನ್ನು ತಿಂದುಹಾಕಿತು’ ಎಂದು ತೀರ್ಪು ಕೊಡುವರು. ಈ ತೀರ್ಪು ಸರಿಯಲ್ಲವೆಂಬುದೇ ಈ ಲೇಖನದ ಮಾತು. ನಮ್ಮ ಸೀಮೆಯಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಚೈತ್ರ ವೈಶಾಖದ ಬಿಸಿಲು. ಚಳಿಯು ಆ ಕೇಡನ್ನು ಹೊರಗೆಡಹುವುದು, ಅಷ್ಟೆ. ಆದುದರಿಂದ ಚಳಿಗೆ ಬೇಕಾದ ಸಿದ್ಧತೆಯನ್ನು ಚಳಿ ಬಂದ ಮೇಲೆ ಮಾಡಿದರೆ ಕಾಲ ಮೀರಿದಂತೆಯೇ ಸರಿ.

ಇದು ಪಟ್ಟಣದ ಶ್ರೀಮಂತರ ಚಿಂತೆ, ರೈತರಿಗೇಕೆ ಎಂದು ಯಾರೂ ತಿಳಿಯಬಾರದು. ಇಂದು ನಮ್ಮ ಮನೆಗಳ ಮುಂದೆ ಎತ್ತಿನ ಗಾಡಿ ನಿಂತಿದ್ದ ಜಾಗದಲ್ಲಿ ಟ್ರ್ಯಾಕ್ಟರು, ಸಾಮಾನಿನ ಆಟೋ, ಹಳೆಯ ಕಾರು ನಿಂತಿವೆ. ೧೯೯೯ರಲ್ಲಿ ತಮಿಳುನಾಡಿನಲ್ಲಿ ಆರಂಭವಾದ ಉಳವರ್ ಸಂದೈ ಎಂಬ ರೈತರ ಸಂತೆಗೆ ಬೆಳಕು ಹರಿಯುವ ಮೊದಲೇ ಮಾಲು ಮುಟ್ಟಬೇಕು. ಎರಡು ಗಂಟೆ ತಡವಾದರೆ ಒಳ್ಳೆಯ ಗಿರಾಕಿಗಳು ಹೋಗಿರುವರು; ಉಳಿದ ಮಾಲನ್ನು ದಲ್ಲಾಳಿ ಕೇಳಿದ ಬೆಲೆಗೆ ಸುರಿದು ಬರಬೇಕು. ಹೂವಿನವರ ಪಾಡಂತೂ ಹೇಳುವಂತೆಯೇ ಇಲ್ಲ. ರಾತ್ರಿ ಹೊತ್ತು ಹೆರಿಗೆ ನೋವೋ ಹಾವು ಕಡಿತವೋ ಬಂದಾಗ ಗಾಡಿ ಹೊರಡದಿದ್ದರೆ ಆಗುವ ಹಾನಿಗೆ ಲೆಕ್ಕವೇ ಇಲ್ಲ. ಅದರ ಮೇಲೆ ಟ್ರ್ಯಾಕ್ಟರಿನ ಬ್ಯಾಟರಿಯೊಂದಕ್ಕೆ ಸಾವಿರಗಟ್ಟಲೆ ರೂಪಾಯಿ ತೆರಬೇಕು. ನಾಲ್ಕು ವರ್ಷ ಬಾಳಬೇಕಾದುದು ಎರಡೇ ವರ್ಷಕ್ಕೆ ಮುಗಿದರೆ ಮನೆಯ ಲೆಕ್ಕ ಎಷ್ಟು ತಪ್ಪುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಚಳಿ ಎಷ್ಟು?

ಹೊರದೇಶಗಳಲ್ಲಿ ಬರೆದ ಪುಸ್ತಕಗಳು ಬ್ಯಾಟರಿಗೆ ಚಳಿಯೇ ದೊಡ್ಡ ಶತ್ರು ಎನ್ನುವವು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ನಾಡಿನಲ್ಲಿ ಅದು ನಿಜವೇ. ನಮ್ಮಲ್ಲಿ ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಸಾಮಾನ್ಯವಾಗಿ ೧೮-೧೯ ಡಿಗ್ರಿ ಇರುವುದು. ಅಷ್ಟು ಚಳಿಗೆ ಆರೋಗ್ಯವಾದ ಬ್ಯಾಟರಿ ಸೀನುವುದೂ ಇಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ನೆರಳಿನಲ್ಲೇ ೩೫-೩೭ ಡಿಗ್ರಿ ಕಾಯುವುದು. ಎಂಜಿನ್ನಿನ ಪಕ್ಕದಲ್ಲಿ, ಬಾನೆಟ್ಟಿನ ಕೆಳಗೆ ಅದಕ್ಕಿಂತ ಬಹಳ ಹೆಚ್ಚು.

ನಿಜವಾದ ಚಳಿ ನಮಗೆ ಎದುರಾಗುವುದು ಬೆಟ್ಟ ಹತ್ತಿದಾಗ. ಮೇಟ್ಟುಪಾಳ್ಯ ಇರುವುದು ಸಮುದ್ರಮಟ್ಟದಿಂದ ಸುಮಾರು ೩೩೦ ಮೀಟರ್ ಎತ್ತರದಲ್ಲಿ. ಐವತ್ತು ಕಿಲೋಮೀಟರ್ ಆಚೆಯ ಊಟಿ ಸುಮಾರು ೨,೨೪೦ ಮೀಟರ್ ಎತ್ತರದಲ್ಲಿ. ನೀಲಗಿರಿಯ ಕ್ಯಾರೆಟ್, ಕೋಸು, ಆಲೂಗಡ್ಡೆ ಇಳಿದು ಬರುವುದು ಮೇಟ್ಟುಪಾಳ್ಯದ ಮಂಡಿಗಳಿಗೆ. ಅವನ್ನು ತರಲು ನಮ್ಮ ಕಡೆಯ ಗಾಡಿಗಳು ಮೇಲೆ ಹೋಗಿ ರಾತ್ರಿ ತಂಗುವುದುಂಟು. ಅಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಚಳಿ ಸೊನ್ನೆಯ ಹತ್ತಿರಕ್ಕೆ ಇಳಿದು, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕಾಣುವುದು. ಬಯಲಿನ ಬಿಸಿಲಿನಲ್ಲಿ ಬೆಂದ ಬ್ಯಾಟರಿ ಆ ರಾತ್ರಿಯನ್ನು ಕಳೆದು ಮುಂಜಾನೆ ಏಳಬೇಕು. ಅಲ್ಲಿಯೇ ಅದರ ಪರೀಕ್ಷೆ. ವಾಲ್ಪಾರೈ ಕಡೆ ಹೋಗುವವರಿಗೂ ಇದೇ ಮಾತು ಸ್ವಲ್ಪ ಕಡಿಮೆ ಪ್ರಮಾಣದಲ್ಲಿ ಸಲ್ಲುವುದು.

ಕಾರಣವೇನು?

ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಎಂಬವರು ೧೮೫೯ರಲ್ಲಿ ಕಂಡುಹಿಡಿದರು. ಇಂದಿನ ಬ್ಯಾಟರಿಯ ಒಳಗುಟ್ಟೂ ಹೆಚ್ಚುಕಡಿಮೆ ಅದೇ. ಪೆಟ್ಟಿಗೆಯೊಳಗೆ ಆರು ಅರೆಗಳಿರುವವು. ಒಂದೊಂದು ಅರೆಯಲ್ಲೂ ಸೀಸದ ತಗಡುಗಳು ಆಮ್ಲ ಬೆರೆತ ನೀರಿನಲ್ಲಿ ಮುಳುಗಿರುವವು. ಒಂದು ಅರೆ ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಟ್ಟರೆ, ಆರೂ ಸೇರಿ ಹನ್ನೆರಡೂವರೆಯ ಮೇಲಾಗುವುದು. ೧೯೧೨ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಅವರು ಸಿದ್ಧಪಡಿಸಿದ ವಿದ್ಯುತ್ ಸ್ಟಾರ್ಟರು ಬಂದಂದಿನಿಂದ, ಹ್ಯಾಂಡಲು ಹಾಕಿ ಎಂಜಿನ್ನು ತಿರುಗಿಸುವ ಮನುಷ್ಯನ ರಟ್ಟೆಯ ಕೆಲಸವನ್ನು ಈ ಪೆಟ್ಟಿಗೆಯೇ ವಹಿಸಿಕೊಂಡಿದೆ.

ಬಿಸಿ ಹೆಚ್ಚಿದಷ್ಟೂ ಒಳಗಿನ ನೀರು ಬೇಗ ಆರುವುದು, ಸೀಸದ ಚೌಕಟ್ಟು ಬೇಗ ಸವೆಯುವುದು, ಸುಮ್ಮನಿದ್ದರೂ ಶಕ್ತಿ ಸೋರುವುದು. ಬ್ಯಾಟರಿಯ ಸರಾಸರಿ ಕಾವು ಹತ್ತು ಡಿಗ್ರಿ ಏರಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುವುದೆಂಬುದು ಬಲ್ಲವರು ಅನುಸರಿಸುವ ಲೆಕ್ಕ. ಚಳಿಯ ರೀತಿ ಬೇರೆ. ಅದು ಬ್ಯಾಟರಿಯನ್ನು ಸವೆಸುವುದಿಲ್ಲ, ಮಂದಗೊಳಿಸುವುದು. ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿಯ ತಳ್ಳುವ ಶಕ್ತಿ ಸುಮಾರು ಮೂರರಲ್ಲೊಂದು ಪಾಲು ಕುಗ್ಗುವುದು. ಅದೇ ಹೊತ್ತಿನಲ್ಲಿ ಎಂಜಿನ್ನಿನ ಎಣ್ಣೆ ಗಟ್ಟಿಯಾಗಿ, ತಿರುಗಿಸಲು ಹೆಚ್ಚು ಬಲ ಬೇಕಾಗುವುದು. ಕೊಡುವವನ ಕೈ ಬಡವಾದಾಗಲೇ ಕೇಳುವವನು ಹೆಚ್ಚು ಕೇಳಿದಂತೆ. ಬೇಸಿಗೆಯಲ್ಲಿ ಮೇವಿಲ್ಲದೆ ಬಡಕಲಾದ ಎತ್ತು ಬಯಲಿನಲ್ಲಿ ಹೇಗೋ ಗಾಡಿ ಎಳೆದೀತು. ಘಾಟಿ ಬಂದಾಗ ಮೊಣಕಾಲೂರುವುದು. ಘಾಟಿಯನ್ನು ಬಯ್ದು ಫಲವೇನು?

ಆಯುಧಪೂಜೆಯ ದಿನ ಮಾಡಬೇಕಾದುದು

ನನ್ನ ಸಲಹೆ ಇಷ್ಟೆ. ಬ್ಯಾಟರಿಯ ವಾರ್ಷಿಕ ಪರೀಕ್ಷೆಗೆ ಆಯುಧಪೂಜೆಯ ದಿನವನ್ನೇ ಗೊತ್ತುಮಾಡಿಕೊಳ್ಳೋಣ. ಬೇಸಿಗೆಯ ಕೇಡು ಆಗಿ ಮುಗಿದಿರುವುದು, ಚಳಿ ಬರಲು ಇನ್ನೂ ಎರಡು ತಿಂಗಳಿರುವುದು. ಅಂದು ಹೇಗೂ ಗಾಡಿ ತೊಳೆದು, ಕುಂಕುಮವಿಟ್ಟು, ಕುಂಬಳಕಾಯಿ ಒಡೆಯುವೆವು. ಅದಕ್ಕೆ ಮೊದಲು ಬಾನೆಟ್ಟು ಎತ್ತಿ ಅರ್ಧ ಗಂಟೆ ಬ್ಯಾಟರಿಗೆ ಕೊಟ್ಟರೆ ಪೂಜೆಗೆ ಅರ್ಥ ಬಂದಂತಾಗುವುದು.

ಮೊದಲನೆಯದಾಗಿ ವೋಲ್ಟ್ ಅಳತೆ. ಕೆಲವು ನೂರು ರೂಪಾಯಿಗೆ ಸಿಗುವ ಮೀಟರೊಂದು ಸಾಕು. ಗಾಡಿ ರಾತ್ರಿಯಿಡೀ ನಿಂತಿದ್ದ ಮೇಲೆ, ಬೆಳಿಗ್ಗೆ ಕೀಲಿ ಮುಟ್ಟುವ ಮೊದಲೇ ಅಳೆಯಬೇಕು. ೧೨.೬ ಅಥವಾ ಅದಕ್ಕಿಂತ ಮೇಲಿದ್ದರೆ ಹೊಟ್ಟೆ ತುಂಬಿದೆ. ೧೨.೪ ಆದರೆ ಮುಕ್ಕಾಲು. ೧೨.೨ ಆದರೆ ಅರೆಹೊಟ್ಟೆ. ೧೨ಕ್ಕೆ ಇಳಿದಿದ್ದರೆ ಕಾಲುಪಾಲು ಮಾತ್ರ ಉಳಿದಿದೆ ಎಂದು ತಿಳಿಯಬೇಕು. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಬಿಟ್ಟರೆ ತಗಡುಗಳ ಮೇಲೆ ಬಿಳಿಯ ಗಡಸು ಉಪ್ಪು ಕಟ್ಟುವುದು. ಅದು ಹಳತಾದಷ್ಟೂ ಬಿಡಿಸುವುದು ಕಷ್ಟ.

ಎರಡನೆಯದು, ದುಡಿತದ ಪರೀಕ್ಷೆ. ಒಬ್ಬರು ಸ್ಟಾರ್ಟು ಮಾಡುವಾಗ ಇನ್ನೊಬ್ಬರು ಮೀಟರು ನೋಡಲಿ. ಮುಳ್ಳು ಹತ್ತರ ಸುತ್ತ ನಿಂತರೆ ಚಿಂತೆಯಿಲ್ಲ. ಹೊಟ್ಟೆ ತುಂಬಿದ ಬ್ಯಾಟರಿಯೂ ಒಂಬತ್ತೂವರೆಯ ಕೆಳಗೆ ಕುಸಿದರೆ ಆ ಬ್ಯಾಟರಿ ಬೆಟ್ಟ ಹತ್ತಲು ತಕ್ಕುದಲ್ಲ. ಮೂರನೆಯದು, ಎಂಜಿನ್ನು ಓಡುತ್ತಿರುವಾಗಿನ ಅಳತೆ. ಆಗ ೧೩.೮ರಿಂದ ೧೪.೪ರವರೆಗೆ ತೋರಬೇಕು. ಕಡಿಮೆ ತೋರಿದರೆ ದೋಷ ಡೈನಮೋ ಅಥವಾ ಬೆಲ್ಟಿನದಿರಬಹುದು. ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ. ೧೫ನ್ನು ಮೀರಿದರೆ ಬ್ಯಾಟರಿ ಕುದಿಯುತ್ತಿದೆ ಎಂದೇ ಅರ್ಥ. ಈ ಮೂರನೆಯ ಅಳತೆಯನ್ನು ಮಾಡದೆ ವರ್ಷಕ್ಕೊಂದು ಹೊಸ ಬ್ಯಾಟರಿ ಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ.

ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ ಆಮ್ಲದ ಗಾಢತೆ ನೋಡುವ ಹೈಡ್ರೋಮೀಟರನ್ನೂ ಬಳಸಬಹುದು. ಆರು ಅರೆಗಳೂ ಒಂದೇ ಸಮನಾಗಿವೆಯೇ ಎಂಬುದೇ ಮುಖ್ಯ. ಐದು ಅರೆ ೧.೨೪ ತೋರಿ ಒಂದು ಮಾತ್ರ ೧.೧೮ ತೋರಿದರೆ ಆ ಒಂದರಿಂದಲೇ ಇಡೀ ಬ್ಯಾಟರಿ ಮುಳುಗುವುದು.

ನೀರು, ಬಿಗಿ, ಶುಚಿ

ನೀರಿನ ವಿಷಯದಲ್ಲಿ ನಮ್ಮವರ ಉದಾಸೀನ ಹೆಚ್ಚು. ಸಿರುವಾಣಿಯ ನೀರು ಕುಡಿಯಲು ಸಿಹಿ ಎಂದು ದೇಶವೆಲ್ಲ ಹೊಗಳುವುದು. ಆದರೂ ಅದು ಬ್ಯಾಟರಿಗೆ ಸಲ್ಲದು. ಕೊಳವೆಬಾವಿಯ ಉಪ್ಪುನೀರಿನ ಮಾತಂತೂ ಬೇಡವೇ ಬೇಡ. ಅಂಗಡಿಯಲ್ಲಿ ಬ್ಯಾಟರಿ ನೀರೆಂದು ಮಾರುವ, ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ನೀರು ಇಳಿದಿದೆಯೆಂದು ಆಮ್ಲ ಸುರಿಯುವುದು ತಪ್ಪು. ಆರಿಹೋಗುವುದು ನೀರೇ ಹೊರತು ಆಮ್ಲವಲ್ಲ. ತಗಡುಗಳು ಮುಳುಗಿ, ಗುರುತಿನ ಗೆರೆಯವರೆಗೆ ಬಂದರೆ ಸಾಕು. ಗೆರೆ ಮೀರಿ ತುಂಬಿದರೆ ಉಕ್ಕಿ ಹೊರಬಂದು ಕಬ್ಬಿಣವನ್ನು ತಿನ್ನುವುದು. ಬೇಸಿಗೆಯ ಮೂರು ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ನೋಡಿದರೆ ಸಾಲುವುದು.

ತಂತಿ ಸೇರುವ ಕಡೆ ಬೂಷ್ಟಿನಂತೆ ಬಿಳಿಯ, ಹಸಿರು ಪುಡಿ ಕಟ್ಟಿರುವುದನ್ನು ಎಲ್ಲರೂ ಕಂಡಿರುವರು. ಬ್ಯಾಟರಿಯಲ್ಲಿ ಶಕ್ತಿಯಿದ್ದರೂ ಆ ಪುಡಿ ದಾರಿ ಕಟ್ಟುವುದು. ತಂತಿ ಬಿಚ್ಚಿ, ಅಡಿಗೆ ಸೋಡ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿದು, ಮೇಲೆ ವ್ಯಾಸಲೀನು ಸವರಬೇಕು. ಸೋಡದ ನೀರು ಅರೆಯೊಳಗೆ ಬೀಳದಂತೆ ಮುಚ್ಚಳ ಭದ್ರವಾಗಿರಲಿ. ಬಿಚ್ಚುವಾಗ ಮೊದಲು ಕಪ್ಪು ತಂತಿ, ಹಾಕುವಾಗ ಕಡೆಗೆ ಕಪ್ಪು ತಂತಿ. ಈ ಕ್ರಮ ತಪ್ಪಿದರೆ ಕಿಡಿ ಹಾರುವುದು. ಬ್ಯಾಟರಿಯಿಂದ ಹೊರಡುವ ಗಾಳಿಗೆ ಬೆಂಕಿ ಹತ್ತುವ ಗುಣವಿರುವುದರಿಂದ ಬೀಡಿ ಬಾಯಲ್ಲಿಟ್ಟುಕೊಂಡು ಬಗ್ಗಬಾರದು. ಆಮ್ಲ ಮೈಗೆ, ಕಣ್ಣಿಗೆ ಸಿಡಿದರೆ ಬಹಳ ಹೊತ್ತು ನೀರು ಸುರಿದು ತೊಳೆದು ವೈದ್ಯರ ಬಳಿಗೆ ಹೋಗಬೇಕು.

ಉತ್ತ ಹೊಲದಲ್ಲಿ ಕುಲುಕುವ ಟ್ರ್ಯಾಕ್ಟರಿಗೆ ಇನ್ನೊಂದು ಎಚ್ಚರ. ಬ್ಯಾಟರಿಯ ಮೇಲಿನ ಪಟ್ಟಿ ಸಡಿಲವಾದರೆ ಒಳಗಿನ ತಗಡು ಉದುರುವುದು. ಪಟ್ಟಿಗೆ ಬದಲಾಗಿ ಸಣಬಿನ ಹಗ್ಗ ಕಟ್ಟಿರುವ ಟ್ರ್ಯಾಕ್ಟರುಗಳನ್ನು ನೋಡಿದರೆ ಅಯ್ಯೋ ಎನಿಸುವುದು. ಐವತ್ತು ರೂಪಾಯಿಯ ಪಟ್ಟಿಯನ್ನು ಉಳಿಸಲು ಹೋಗಿ ಸಾವಿರಗಟ್ಟಲೆ ಕಳೆಯುವುದು ಯಾವ ಜಾಣತನ?

ಕೊಳ್ಳುವಾಗ ನೋಡಬೇಕಾದುದು

ಅಂಗಡಿಯವರು ಮೊದಲು ಹೇಳುವುದು ಗ್ಯಾರಂಟಿಯ ತಿಂಗಳು. ನಾವು ಮೊದಲು ಕೇಳಬೇಕಾದುದು ತಯಾರಾದ ತಿಂಗಳು. ಬ್ಯಾಟರಿ ಅಂಗಡಿಯ ಶೆಲ್ಫಿನಲ್ಲಿ ಸುಮ್ಮನಿದ್ದರೂ ಸೊರಗುವುದು. ಆರು ತಿಂಗಳು ಬಿಸಿಲು ಬೀಳುವ ಮೂಲೆಯಲ್ಲಿ ಕುಳಿತ ‘ಹೊಸ’ ಬ್ಯಾಟರಿ ಅರ್ಧ ಹಳೆಯದೇ. ಮೂರು ತಿಂಗಳೊಳಗಿನದನ್ನು ಕೇಳಿ, ಅಂಗಡಿಯಲ್ಲೇ ಮೀಟರು ಹಿಡಿಸಿ ನೋಡಿ. ಹನ್ನೆರಡೂವರೆಗಿಂತ ಕಡಿಮೆ ತೋರಿದರೆ ಬೇರೆ ಕೊಡಿ ಎನ್ನಲು ಸಂಕೋಚ ಬೇಡ.

ಅಳತೆಯಲ್ಲಿ ಗಾಡಿಯ ಪುಸ್ತಕದಲ್ಲಿ ಹೇಳಿರುವುದೇ ಪ್ರಮಾಣ. ಸಣ್ಣ ಕಾರಿಗೆ ೩೫ ಆಂಪಿಯರ್-ಗಂಟೆಯದು ಸಾಮಾನ್ಯ. ಟ್ರ್ಯಾಕ್ಟರಿಗೆ ಅದರ ಎರಡರಷ್ಟಕ್ಕೂ ಮೇಲೆ. ಅಗ್ಗವೆಂದು ಚಿಕ್ಕದನ್ನು ಹಾಕಿದರೆ ಚಳಿಯಲ್ಲಿ ಅದೇ ಮೊದಲು ಸೋಲುವುದು. ಹೇಳಿದ್ದಕ್ಕಿಂತ ಬಹಳ ದೊಡ್ಡದನ್ನು ಹಾಕಿದರೂ ವಿಶೇಷ ಲಾಭವಿಲ್ಲ. ತಟ್ಟೆಯಲ್ಲಿ ಕೂರದು, ಪಟ್ಟಿ ಬಿಗಿಯದು. ಬೆಟ್ಟಕ್ಕೆ ಹೋಗುವವರು ಆಂಪಿಯರ್-ಗಂಟೆಯ ಜೊತೆಗೆ ಚಳಿಯಲ್ಲಿ ಎಂಜಿನ್ನು ತಿರುಗಿಸುವ ಶಕ್ತಿಯ ಅಂಕಿಯನ್ನೂ ನೋಡಬೇಕು. ಪೆಟ್ಟಿಗೆಯ ಮೇಲೆ ಅದು ‘ಸಿಸಿಎ’ ಎಂಬ ಗುರುತಿನ ಮುಂದೆ ಇರುವುದು. ಎರಡು ಬ್ಯಾಟರಿ ಒಂದೇ ಅಳತೆ, ಒಂದೇ ಬೆಲೆಯಾಗಿದ್ದರೆ ಈ ಅಂಕಿ ಹೆಚ್ಚಿರುವುದೇ ಮೇಲು. ಸಿಗ್ನಲಿನಲ್ಲಿ ತಾನೇ ನಿಂತು ತಾನೇ ಹೊರಡುವ ಹೊಸ ಕಾರುಗಳಿಗೆ ಬೇರೆ ಬಗೆಯ ಬ್ಯಾಟರಿ ಬೇಕು. ಅದರ ಬದಲು ಸಾಧಾರಣದ್ದನ್ನು ಹಾಕಿದರೆ ಬೇಗ ಕೆಡುವುದು.

ಗ್ಯಾರಂಟಿಯನ್ನು ಓದುವ ರೀತಿಯೂ ಇದೆ. ‘೧೮ ಕೂಡು ೧೮’ ಎಂದು ಬರೆದಿದ್ದರೆ ಮೂವತ್ತಾರು ತಿಂಗಳು ಪುಕ್ಕಟೆ ಎಂದು ತಿಳಿಯಬಾರದು. ಮೊದಲ ಹದಿನೆಂಟರಲ್ಲಿ ಕೆಟ್ಟರೆ ಮಾತ್ರ ಪುಕ್ಕಟೆ. ಅನಂತರ ಹೊಸದಕ್ಕೆ ಒಂದಿಷ್ಟು ಸೋಡಿ ಮಾತ್ರ. ಚೀಟಿಯಲ್ಲಿ ತಾರೀಖು, ಅಂಗಡಿಯ ಮೊಹರು ಇಲ್ಲದಿದ್ದರೆ ಅದೂ ಇಲ್ಲ. ಆ ಚೀಟಿ ಕನ್ನಡದಲ್ಲಿ ಇರುವುದಿಲ್ಲವಾದುದರಿಂದ ಮನೆಯ ಹಿರಿಯರು ಓದದೆ ಮಡಚಿಡುವರು. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಅರ್ಥ ಕೇಳಿಕೊಳ್ಳಲಿ. ಹುಡುಗರಿಗೆ ಅದೇ ಒಂದು ಪಾಠವಾಗುವುದು.

ನೀರು ಹಾಕುವ ಬಗೆ ಒಳ್ಳೆಯದೋ, ನೀರು ಬೇಡದ ಮುಚ್ಚಿದ ಬಗೆ ಒಳ್ಳೆಯದೋ ಎಂದು ಅನೇಕರು ಕೇಳುವುದುಂಟು. ಬಾನೆಟ್ಟು ಎತ್ತುವ ಅಭ್ಯಾಸವುಳ್ಳವರಿಗೆ ಮೊದಲನೆಯದು, ಎತ್ತದವರಿಗೆ ಎರಡನೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ‘ಪಾಲನೆ ಬೇಡದ ಬ್ಯಾಟರಿ’ ಎಂಬ ಜಾಹೀರಾತಿನ ಮಾತನ್ನು ಪೂರ್ತಿ ನಂಬುವಂತಿಲ್ಲ. ನೀರು ಬೇಡವೆಂಬುದಷ್ಟೆ ಅದರ ಅರ್ಥ. ಬಿಗಿ, ಶುಚಿ, ವೋಲ್ಟಿನ ಅಳತೆ ಇವು ಅದಕ್ಕೂ ಬೇಕು.

ಬೇರೆ ಕೆಲಸಕ್ಕೆ ಹಚ್ಚಬಾರದು

ಕಾಡಂಚಿನ ಹಳ್ಳಿಗಳಲ್ಲಿ ಆನೆ, ಹಂದಿಗಳ ಕಾಟಕ್ಕೆ ವಿದ್ಯುತ್ ಬೇಲಿ ಹಾಕುವರು. ಬೇಲಿಯ ಬ್ಯಾಟರಿ ಕೆಟ್ಟ ದಿನ ಟ್ರ್ಯಾಕ್ಟರಿನದನ್ನೇ ಬಿಚ್ಚಿ ಕಟ್ಟುವರು. ಹಬ್ಬದ ದಿನ ಅದೇ ಬ್ಯಾಟರಿಯಿಂದ ರಾತ್ರಿಯಿಡೀ ಹಾಡು ಹಾಕುವರು. ಅವಶ್ಯಕತೆ ನನಗೂ ತಿಳಿಯುವುದು; ರಾತ್ರಿ ಆನೆ ನುಗ್ಗಿದರೆ ಬಾಳೆತೋಟ ಬೆಳಗ್ಗೆ ಇರುವುದಿಲ್ಲ. ಆದರೆ ಎಂಜಿನ್ನು ಹೊರಡಿಸುವ ಬ್ಯಾಟರಿಯ ತಗಡುಗಳು ತೆಳು. ಒಂದೇ ಏಟಿಗೆ ಹೆಚ್ಚು ಶಕ್ತಿ ಕೊಟ್ಟು ಕೂಡಲೇ ತುಂಬಿಕೊಳ್ಳುವುದು ಅದರ ಧರ್ಮ. ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪವಾಗಿ ಬರಿದಾಗುವುದು ಅದರ ಧರ್ಮವಲ್ಲ. ಕೆಲವು ಸಲ ಹೀಗೆ ತಳ ಕಂಡರೆ ಅದು ಮೊದಲಿನಂತಾಗದು. ಬೇಲಿಗೆ, ಮನೆಯ ಇನ್ವರ್ಟರಿಗೆ ದಪ್ಪ ತಗಡಿನ ಬೇರೆ ಬ್ಯಾಟರಿಗಳೇ ಇವೆ. ಓಟದ ಎತ್ತನ್ನು ಗಾಣಕ್ಕೆ ಕಟ್ಟಬಾರದು.

ಬಿತ್ತನೆ ಮುಗಿದು ತಿಂಗಳುಗಟ್ಟಲೆ ನಿಲ್ಲುವ ಟ್ರ್ಯಾಕ್ಟರಿನಲ್ಲಿ ಕಪ್ಪು ತಂತಿಯನ್ನು ಬಿಚ್ಚಿಡುವುದು ಲೇಸು. ತಿಂಗಳಿಗೊಮ್ಮೆ ಚಾರ್ಜು ಮಾಡಬೇಕು. ಐದು ನಿಮಿಷ ಸ್ಟಾರ್ಟು ಮಾಡಿ ನಿಲ್ಲಿಸಿದರೆ ಹೊರಟಷ್ಟೂ ಮರಳಿ ತುಂಬಿರುವುದಿಲ್ಲ.

ಬೆಟ್ಟಕ್ಕೆ ಹೋಗುವ ಗಾಡಿಯಲ್ಲಿ ಎಣ್ಣೆ ಪುಸ್ತಕದಲ್ಲಿ ಹೇಳಿದ ದರ್ಜೆಯದಿರಲಿ. ಬೆಳಿಗ್ಗೆ ದೀಪ, ಹಾಡು, ಫ್ಯಾನು ಎಲ್ಲ ಆರಿಸಿ, ಕ್ಲಚ್ಚು ಒತ್ತಿ, ಡೀಸೆಲ್ ಗಾಡಿಯಾದರೆ ಕಾವಿನ ದೀಪ ಆರುವವರೆಗೆ ತಾಳಿ ಕೀಲಿ ತಿರುಗಿಸಬೇಕು. ಒಂದು ಸಲಕ್ಕೆ ಹತ್ತು ಸೆಕೆಂಡು ಮೀರದಿರಲಿ, ನಡುವೆ ಅರ್ಧ ನಿಮಿಷ ಬಿಡುವಿರಲಿ. ಬೇರೆ ಗಾಡಿಯಿಂದ ಶಕ್ತಿ ಪಡೆಯಬೇಕಾದರೆ ಎರಡೂ ಹನ್ನೆರಡು ವೋಲ್ಟಿನವೇ ಎಂದು ಮೊದಲು ನೋಡಿ. ಕೆಂಪು ತಂತಿಯಿಂದ ಎರಡು ಬ್ಯಾಟರಿಗಳ ಕೂಡುಗುರುತಿನ ತುದಿಗಳನ್ನು ಸೇರಿಸಿ. ಕಪ್ಪು ತಂತಿಯ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಕಳೆಗುರುತಿಗೆ, ಇನ್ನೊಂದನ್ನು ನಿಂತ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರದಲ್ಲಿ, ಕಚ್ಚಿಸಿ.

ಹಳೆಯ ಬ್ಯಾಟರಿಯ ಗತಿ

ಹಳೆಯದನ್ನು ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ನಿಲ್ಲಬೇಕು. ಅವನು ಆಮ್ಲವನ್ನು ಎಲ್ಲೋ ಹಳ್ಳದ ಬದಿಯಲ್ಲಿ ಚೆಲ್ಲಿ, ಪೆಟ್ಟಿಗೆ ಒಡೆದು, ಸೀಸ ಕಾಯಿಸುವವರಿಗೆ ಒಯ್ಯಬಹುದು. ಸೀಸದ ಹೊಗೆ, ಧೂಳು ಮಕ್ಕಳ ಮಿದುಳಿಗೆ ವಿಷ. ನೀರು ಕೆಟ್ಟರೆ ಏನಾಗುವುದೆಂದು ನೊಯ್ಯಲ್ ಹೊಳೆಯ ದಂಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ೧೯೯೨ರಲ್ಲಿ ಮುಗಿದ ಒರತುಪಾಳ್ಯದ ಅಣೆಕಟ್ಟು ಬೆಳೆಗೆ ನೀರು ಕೊಡಲೆಂದು ಕಟ್ಟಿದುದು. ಅದರಲ್ಲಿ ತುಂಬಿದುದು ಬಣ್ಣದ ಕಾರ್ಖಾನೆಗಳ ಕೊಳೆ. ೨೦೧೧ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿರೆಂದು ಆಜ್ಞೆ ಮಾಡಬೇಕಾಯಿತು. ಇನ್ನೊಬ್ಬರು ನಮ್ಮ ನೀರಿಗೆ ಮಾಡಿದುದನ್ನು ನಾವೇ ನಮ್ಮ ಹಳ್ಳಕ್ಕೆ ಮಾಡಬಾರದು. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆ ತಯಾರಕರದು. ಹೊಸದು ಕೊಂಡ ಅಂಗಡಿಗೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲೂ ಒಂದಿಷ್ಟು ಇಳಿಯುವುದು.

ಕಡೆಯದಾಗಿ ಒಂದು ಸೂಚನೆ. ಮೀಟರು, ಹೈಡ್ರೋಮೀಟರು, ಚಾರ್ಜರು ಇವನ್ನು ಪ್ರತಿಯೊಬ್ಬರೂ ಕೊಳ್ಳಬೇಕಾಗಿಲ್ಲ. ನಮ್ಮ ಊರುಗಳ ಪ್ರಾಥಮಿಕ ಕೃಷಿ ಸಹಕಾರ ಸಂಘಗಳು ಗೊಬ್ಬರ, ಬೀಜಗಳ ಜೊತೆಗೆ ಇವನ್ನೂ ಒಂದೊಂದು ಇಟ್ಟುಕೊಂಡು ಸದಸ್ಯರಿಗೆ ಅಲ್ಪ ಬಾಡಿಗೆಗೆ ಕೊಡಲಿ. ೧೯೨೦ರಲ್ಲಿ ಪೊಳ್ಳಾಚಿ ಪಳನಿಗಳ ನಡುವೆ ಒಂದೇ ಬಸ್ಸಿನಿಂದ ಸಾರಿಗೆ ಆರಂಭಿಸಿ, ಯಂತ್ರವಿದ್ಯೆಯಲ್ಲಿ ಹೆಸರು ಪಡೆದ ಜಿ. ಡಿ. ನಾಯ್ಡು ಅವರ ನಾಡಿದು. ಪಂಪಿನ ಸದ್ದು ಕೇಳಿಯೇ ರೋಗ ಹೇಳುವ ರೈತರು ನಮ್ಮಲ್ಲಿರುವರು. ಬ್ಯಾಟರಿಯ ಮಟ್ಟಿಗೆ ಮಾತ್ರ ನಾವು ಕುರುಡರಾಗಿರಬೇಕಾದ ಕಾರಣವಿಲ್ಲ. ಬರುವ ಆಯುಧಪೂಜೆಗೆ ಪ್ರತಿ ಮನೆಯಲ್ಲೂ ಒಂದು ನೋಟುಪುಸ್ತಕ ತೆರೆದು, ಮೊದಲ ಪುಟದಲ್ಲಿ ಗಾಡಿಯ ಹೆಸರು, ಬ್ಯಾಟರಿ ಕೊಂಡ ತಾರೀಖು, ಅಂದಿನ ಮೂರು ಅಳತೆಗಳನ್ನು ಮಕ್ಕಳ ಕೈಯಲ್ಲಿ ಬರೆಯಿಸಲಿ. ಮಾರನೆಯ ವರ್ಷ ಅದರ ಕೆಳಗೇ ಹೊಸ ಅಳತೆಗಳನ್ನು ಬರೆದರೆ, ಬ್ಯಾಟರಿ ಎಷ್ಟು ಇಳಿದಿದೆ, ಇನ್ನೊಂದು ಚಳಿಗಾಲ ತಾಳೀತೇ ಎಂಬುದು ಯಾರ ಮಾತೂ ಬೇಡದೆ ತಿಳಿಯುವುದು.